ಡೆಲ್ಫಾಳಿಗೆ ಏನಾಗಬೇಕು

ಮಾರ್ವಾ ಕಿನ್ಸರ್ ನನ್ನ ಕಚೇರಿಗೆ ಮೊದಲ ಸಲ ಬಂದದ್ದು ಮೇ ತಿಂಗಳ ಒಂದು ಸೋಮವಾರ. ಕೈಯಲ್ಲೊಂದು ತಗಡಿನ ಬಕೆಟ್ಟು, ಅದರ ತುಂಬ ಬಾಡಿದ ಹಳದಿ ಐರಿಸ್ ಹೂಗಳು. ನಮ್ಮ ಕೌಂಟಿಯ ಶಾಲಾ ಬಸ್ಸನ್ನು ಅರ್ಧ ಆಯುಷ್ಯ ಓಡಿಸಿದವಳು ಅವಳು. ನನ್ನ ಇಬ್ಬರು ಮಕ್ಕಳನ್ನೂ ಈ ಬೆಟ್ಟದ ತಿರುವುಗಳಲ್ಲಿ ಮಂಜು ಬಿದ್ದ ದಿನವೂ ಸುಖವಾಗಿ ಮನೆ ಮುಟ್ಟಿಸಿದವಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ವಕೀಲರೇ, ಹೋಬರ್ಟ್ ಗೇಟಿಗೆ ಬೀಗ ಹಾಕಿದಾನೆ," ಎಂದಳು. "ನಿನ್ನೆ ಹೂವಿನ ಭಾನುವಾರ. ಊರೋರೆಲ್ಲ ಅವರವರ ಹಿರೀಕರ ಸಮಾಧಿ ತೊಳೆದು, ಹೂವಿಟ್ಟು, ಅಲ್ಲೇ ಊಟ ಮಾಡ್ಕೊಂಡು ಬಂದ್ರು. ನಾನೊಬ್ಳು ಗೇಟ್ ಹಿಡ್ಕೊಂಡು ನಿಂತಿದ್ದೆ."

"ಅವನೇನಂದ?"

"ಏನೂ ಅನ್ಲಿಲ್ಲ. ವರಾಂಡದಲ್ಲಿ ಕೂತು ನನ್ನನ್ನೇ ನೋಡ್ತಿದ್ದ. ನಾನು ಅವನನ್ನ ನೋಡ್ತಿದ್ದೆ. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದೆ."

ಮಿಕ್ಕಿದ್ದನ್ನು ಅವಳು ಹೇಳಬೇಕಾಗಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ ಅಷ್ಟೆ. ಡೆಲ್ಫಾ ಸ್ಟಾಲರ್ಡ್ ಮುಖ್ಯಬೀದಿಯಲ್ಲಿ ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಅಂಗಡಿಯ ಮೇಲಿನ ಮನೆಯಲ್ಲಿ ಅವಳೂ ಮಾರ್ವಾಳೂ ಇಪ್ಪತ್ತಾರು ವರ್ಷ ಒಟ್ಟಿಗಿದ್ದರು. ಊರಿನವರು "ಆ ಇಬ್ಬರು ಗೆಳತಿಯರು" ಎಂದು ಕರೆದು ಸುಮ್ಮನಾಗಿದ್ದರು. ಸುಮ್ಮನಾಗದವನು ಡೆಲ್ಫಾಳ ಅಣ್ಣ ಹೋಬರ್ಟ್ ಒಬ್ಬನೇ. ತಂಗಿ ಆ ಮನೆ ಹೊಕ್ಕ ದಿನದಿಂದ ಅವಳ ಜೊತೆ ಮಾತು ಬಿಟ್ಟಿದ್ದ.

ಆ ಜನವರಿಯಲ್ಲಿ ಡೆಲ್ಫಾ ಅಂಗಡಿಯಲ್ಲಿ ಒಬ್ಬರ ಕೂದಲು ಸವರುತ್ತಿದ್ದಾಗಲೇ ಮಿದುಳಿನ ನರ ಒಡೆದು ಕುಸಿದಳು. ಆಸ್ಪತ್ರೆಯವರು ರಕ್ತಸಂಬಂಧಿ ಯಾರು ಎಂದು ಕೇಳಿದರು. ಮಾರ್ವಾ ಇದ್ದದ್ದನ್ನೇ ಹೇಳಿದಳು, ಅಣ್ಣ ಒಬ್ಬನಿದ್ದಾನೆಂದು. ಹೋಬರ್ಟ್ ಬಂದ, ಕಾಗದಕ್ಕೆ ಸಹಿ ಹಾಕಿದ, ತಂಗಿಯನ್ನು ತನ್ನ ಜಮೀನಿನ ಗುಡ್ಡದ ಮೇಲೆ, ಸ್ಟಾಲರ್ಡ್ ಮನೆತನದ ಸಮಾಧಿಗಳ ನಡುವೆ, ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದ. ಇಂಥ ಇಬ್ಬರು ಹೆಂಗಸರ ಮದುವೆಗೆ ನಮ್ಮ ರಾಜ್ಯದಲ್ಲಿ ಕಾನೂನು ಇಲ್ಲದಿದ್ದ ಕಾಲ ಅದು. ಚರ್ಚಿನಲ್ಲಿ ಮಾರ್ವಾ ಮೂರನೆಯ ಸಾಲಿನಲ್ಲಿ, ಅಂಗಡಿಯ ಗಿರಾಕಿಗಳ ಮಧ್ಯೆ ಕೂತಿದ್ದಳು. ಆಮೇಲೆ ಪ್ರತಿ ಭಾನುವಾರ ಹೋಬರ್ಟನ ಹುಲ್ಲುಗಾವಲು ದಾಟಿ ಗುಡ್ಡ ಹತ್ತುತ್ತಿದ್ದಳು. ಅವನು ನೋಡಿಯೂ ನೋಡದಂತಿದ್ದ. ಏಪ್ರಿಲ್‌ನಲ್ಲಿ ಅವಳು ಹೊಳೆಯಿಂದ ಒಂದು ನುಣುಪು ಕಲ್ಲು ತಂದು, 'ನನ್ನ ಡೆಲ್ಫಾ' ಎಂದು ಕೆತ್ತಿಸಿ ಸಮಾಧಿಯ ಬುಡದಲ್ಲಿಟ್ಟಳು. ಚರ್ಚಿನವರು ಯಾರೋ ಅದನ್ನು ಓದಿ ಹೋಬರ್ಟನ ಕಿವಿಗೆ ಹಾಕಿದರು. ಮರುವಾರ ಕಲ್ಲು ಇರಲಿಲ್ಲ, ಅದರ ಮುಂದಿನ ವಾರ ಗೇಟಿಗೆ ಬೀಗ ಬಿದ್ದಿತ್ತು.

"ಕೇಸ್ ಹಾಕಿದ್ರೆ ಗೆಲ್ತೀವಾ?" ಮಾರ್ವಾ ಕೇಳಿದಳು.

ಖಾಸಗಿ ಜಮೀನಿನೊಳಗೆ ಸಮಾಧಿ ಇದ್ದರೆ ಜಮೀನಿನವನು ಕೆಲವರನ್ನು ಒಳಗೆ ಬಿಡಲೇಬೇಕೆಂದು ನಮ್ಮ ರಾಜ್ಯದ ಒಂದು ಕಾನೂನು ಹೇಳುತ್ತದೆ. ಆ ಕೆಲವರಲ್ಲಿ ಮೊದಲಿಗರು 'ಸತ್ತವರ ಕುಟುಂಬದವರು'.

"ಕುಟುಂಬ ಅನ್ನೋ ಪದ ಎಷ್ಟು ಅಗಲ ಅಂತ ನ್ಯಾಯಾಧೀಶರು ಹೇಳ್ತಾರೋ, ಅದರ ಮೇಲೆ ನಿಂತಿದೆ," ಎಂದೆ.

"ಅಗಲ ಬೇಕಾಗಿಲ್ಲ ವಕೀಲರೇ. ಒಬ್ಬಳು ಹಿಡಿಸೋಷ್ಟು ಆದ್ರೆ ಸಾಕು."

*

ಕೌಂಟಿ ಕೋರ್ಟಿನಲ್ಲಿ ವಿಚಾರಣೆ ನಡೆದದ್ದು ಅಕ್ಟೋಬರ್‌ನಲ್ಲಿ. ಅರ್ಧ ಊರು ಬಂದಿತ್ತು. ಹೋಬರ್ಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬೆಂಚಿನಲ್ಲಿ, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಅವನ ವಕೀಲ ಪಟ್ಟಣದಿಂದ ಬಂದ ಚುರುಕು ಹುಡುಗ, ತಾಯಿಯ ತವರು ನಮ್ಮೂರೇ. ಎದ್ದವನೇ ನೇರವಾಗಿ ವಿಷಯಕ್ಕೆ ಬಂದ.

"ಮೃತಳಿಗೆ ನೀವು ಏನಾಗಬೇಕು, ಮಿಸ್ ಕಿನ್ಸರ್?"

ನ್ಯಾಯಾಧೀಶ ಮಲಿನ್ಸ್ ಕನ್ನಡಕ ಕೆಳಗಿಳಿಸಿ ಮಾರ್ವಾಳನ್ನು ನೋಡಿದರು.

"ಅವಳ ಬಟ್ಟೆ ನಾನು ಒಗೀತಿದ್ದೆ, ನನ್ನ ಬಟ್ಟೆ ಅವಳು ಮಡಿಸ್ತಿದ್ಲು," ಎಂದಳು ಅವಳು.

"ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ. ರಕ್ತಸಂಬಂಧ ಇದೆಯಾ?"

"ಇಲ್ಲ."

"ಮದುವೆ ಸಂಬಂಧ?"

"ಆಗೋಕೆ ನೀವು ಬಿಟ್ರೆ ತಾನೇ."

ಹಿಂದಿನ ಬೆಂಚುಗಳಲ್ಲಿ ಒಂದಿಬ್ಬರು ನಕ್ಕರು. ಹುಡುಗನ ಮುಖ ಕೆಂಪಾಯಿತು.

"ಹಾಗಾದ್ರೆ ಕಾನೂನಿನ ಲೆಕ್ಕದಲ್ಲಿ ನೀವು ಅವರಿಗೆ ಏನೂ ಆಗಬೇಕಾಗಿಲ್ಲ."

"ಮಗಾ, ನಿನ್ನಮ್ಮನ್ನ ನಾನು ಬಸ್ಸಲ್ಲಿ ಸ್ಕೂಲಿಗೆ ಕರ್ಕೊಂಡು ಹೋಗಿದೀನಿ. ಅವಳು ದೊಡ್ಡೋರ ಹತ್ರ ಹಿಂಗೆ ಮಾತಾಡ್ತಿರ್ಲಿಲ್ಲ."

ಈ ಸಲ ಎಲ್ಲರೂ ನಕ್ಕರು, ಹೋಬರ್ಟನ ಹೆಂಡತಿ ರೂತ್ ಕೂಡ. ಹೋಬರ್ಟ್ ಮಾತ್ರ ಟೋಪಿಯ ಅಂಚನ್ನು ಸುತ್ತಿಸುತ್ತ ನೆಲ ನೋಡುತ್ತಿದ್ದ.

ಮಲಿನ್ಸ್ ನಮ್ಮ ಪರವಾಗಿ ತೀರ್ಪು ಕೊಟ್ಟರು. ಒಬ್ಬಳು ಊಟಕ್ಕೆ ಬರದಿದ್ದರೆ ಯಾರು ಎದ್ದು ಬಾಗಿಲಿಗೆ ಬಂದು ನೋಡುತ್ತಾರೋ ಅವರೇ ಅವಳ ಕುಟುಂಬ ಎಂದು ಬರೆದರು. ಮಾರ್ವಾ ಅಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಆದರೆ ಬೀಗ ತೆಗೆಯಲಿಲ್ಲ. ಹೋಬರ್ಟ್ ಮೇಲ್ಮನವಿ ಹಾಕಿದ, ಅದು ಇತ್ಯರ್ಥವಾಗುವವರೆಗೆ ಆದೇಶ ತಡೆಹಿಡಿಯಲ್ಪಟ್ಟಿತು. ಗುಡ್ಡದ ಕೆಳಗಿನ ರಸ್ತೆಯಲ್ಲಿ ಕಾರು ನಿಲ್ಲಿಸಿದರೆ ಓಕ್ ಮರಗಳ ನಡುವೆ ಸಮಾಧಿಕಲ್ಲುಗಳ ತಲೆ ಮಾತ್ರ ಕಾಣುತ್ತದೆ. ಆ ಚಳಿಗಾಲ, ಎಲೆ ಉದುರಿದ ಮೇಲೆ, ಮಾರ್ವಾಳ ಕಾರು ಅಲ್ಲೇ ನಿಂತಿರುವುದನ್ನು ನಾನು ಎಷ್ಟೋ ಸಲ ಕಂಡೆ. ನಿಲ್ಲಿಸಿ ಮಾತಾಡಿಸಲು ಮನಸ್ಸಾಗುತ್ತಿರಲಿಲ್ಲ.

ಮೇಲಿನ ನ್ಯಾಯಾಲಯದ ಮೂವರಲ್ಲಿ ಇಬ್ಬರು ಮಲಿನ್ಸರ ತೀರ್ಪನ್ನು ತಳ್ಳಿಹಾಕಿದರು. ಕುಟುಂಬವೆಂದರೆ ರಕ್ತ, ಮದುವೆ ಅಥವಾ ದತ್ತಕದಿಂದ ಬಂದದ್ದು, ಶಾಸನಸಭೆ ಬರೆದದ್ದಕ್ಕಿಂತ ಹೆಚ್ಚಿನ ಅರ್ಥವನ್ನು ನ್ಯಾಯಾಲಯ ಹಚ್ಚುವಂತಿಲ್ಲ, ಎದುರು ಪಕ್ಷದವಳ ದುಃಖ ನಿಜವಾದದ್ದೇ ಆದರೂ ದುಃಖದಿಂದ ಹಕ್ಕು ಹುಟ್ಟುವುದಿಲ್ಲ ಎಂದರು. ಮೂರನೆಯವರು ಒಂದೇ ಪುಟದ ಭಿನ್ನಮತ ಬರೆದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ತೀರ್ಪಿನ ಪ್ರತಿಯನ್ನು ಮಾರ್ವಾ ನನ್ನ ಮೇಜಿನ ಮುಂದೆಯೇ ಕೂತು ಪೂರ್ತಿ ಓದಿದಳು.

"ಎಲ್ಲಾ ಕಡೆ 'ಮೃತಳು, ಮೃತಳು' ಅಂತಾನೇ ಇದೆ," ಎಂದಳು. "ಡೆಲ್ಫಾ ಅಂತ ಬರ್ಯೋಕೆ ಇವರಿಗೇನು ಕಷ್ಟ?"



*

ಅದಾಗಿ ಸುಮಾರು ತಿಂಗಳುಗಳ ಮೇಲೆ ರಾಜಧಾನಿಯ ಕಾನೂನು ಕಾಲೇಜಿನ ಪತ್ರಿಕೆಯಲ್ಲಿ ನಮ್ಮ ಕೇಸಿನ ಮೇಲೆ ಒಂದು ಲೇಖನ ಬಂತು. ಆಡ್ರಾ ವೈನ್‌ಸ್ಟಾಕ್ ಎಂಬ ಪ್ರಾಧ್ಯಾಪಕಿ ಬರೆದದ್ದು. ಆಕೆಯೇ ನನಗೊಂದು ಪ್ರತಿ ಕಳಿಸಿದ್ದರು. ನಾನದನ್ನು ಮಾರ್ವಾಳಿಗೆ ಕೊಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಕೊಟ್ಟೆ. ತೀರ್ಪನ್ನು ಎಳೆಎಳೆಯಾಗಿ ಬಿಡಿಸಿಟ್ಟು ಆಕೆ ಕೊನೆಯಲ್ಲಿ ಚುಚ್ಚಿದ್ದರು. ಇದೇ ಕಾನೂನು, ವಂಶಾವಳಿಯ ಸಂಶೋಧನೆ ಮಾಡುವ ಯಾರನ್ನೇ ಆಗಲಿ, ಮುಂಚಿತವಾಗಿ ತಿಳಿಸಿದರೆ ಒಳಗೆ ಬಿಡಬೇಕೆನ್ನುತ್ತದೆ. ಎಲ್ಲಿಂದಲೋ ಪೆನ್ಸಿಲ್ ಹಿಡಿದು ಬಂದ ಅಪರಿಚಿತನಿಗೆ ಗೇಟು ತೆರೆದಿದೆ, ಸತ್ತವಳ ಕೈಹಿಡಿದು ಬಾಳಿದವಳಿಗೆ ಮುಚ್ಚಿದೆ. ಇದೇ ನಮ್ಮ ನ್ಯಾಯ ಎಂದು ಬರೆದಿದ್ದರು.

ಎರಡು ದಿನ ಬಿಟ್ಟು ಮಾರ್ವಾ ಬಂದಳು. ಈ ಸಲ ಕುರ್ಚಿ ಎಳೆದುಕೊಂಡು ತಾನಾಗಿ ಕೂತಳು.

"ವಕೀಲರೇ, ನಾನು ಸಂಶೋಧನೆ ಮಾಡ್ತೀನಿ."

"ಯಾವ ಸಂಶೋಧನೆ?"

"ಸ್ಟಾಲರ್ಡ್ ಮನೆತನದ ವಂಶಾವಳಿ. ಆ ಪ್ರೊಫೆಸರಮ್ಮ ಬರ್ದಿದಾರಲ್ಲ."

"ಅದು ವ್ಯಂಗ್ಯ, ಮಾರ್ವಾ. ಆಕೆ ತೀರ್ಪನ್ನ ಗೇಲಿ ಮಾಡಿದಾರೆ ಅಷ್ಟೆ."

"ಗೇಲಿನೋ ಗೀಲಿನೋ. ಕಾನೂನಲ್ಲಿ ಹಂಗಿದೆಯೋ ಇಲ್ವೋ?"

"ಇದೆ."

"ಮತ್ತೆ?"

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

"ಒಂದ್ ಮಾತು ಹೇಳಿರ್ತೀನಿ," ಎಂದಳು. "ಸುಳ್ಳು ನಾಟಕ ನನ್ನ ಕೈಲಾಗಲ್ಲ. ಮಾಡ್ತೀನಿ ಅಂದ್ಮೇಲೆ ನಿಜವಾಗ್ಲೂ ಮಾಡ್ತೀನಿ. ಎಲ್ಲಿಂದ ಶುರು ಮಾಡ್ಬೇಕು, ಹೇಳಿ."

ಅವಳು ಕೋರ್ಟಿನ ನೆಲಮಾಳಿಗೆಯಲ್ಲಿ ಕೂತು ಹಳೆಯ ಜಮೀನು ಪತ್ರಗಳನ್ನು ಓದಿದಳು. ಬ್ಯಾಪ್ಟಿಸ್ಟ್ ಚರ್ಚಿನ ಹಳೆಯ ದಾಖಲೆ ಕೇಳಿ ತರಿಸಿದಳು. ಆಮೇಲೆ ನನ್ನಿಂದ ಹೋಬರ್ಟನಿಗೆ ಒಂದು ಸೂಚನೆ ಬರೆಸಿದಳು: ಇಂಥ ಕಾನೂನಿನ ಇಂಥ ಕಲಮಿನಂತೆ, ಇಂಥ ಶನಿವಾರ ಬೆಳಗ್ಗೆ, ಸಂಶೋಧನೆಗಾಗಿ ಬರುತ್ತಿದ್ದೇನೆ. ಹೋಬರ್ಟ್ ತನ್ನ ವಕೀಲನಿಗೆ ಫೋನು ಮಾಡಿದನಂತೆ. ಆ ಹುಡುಗ ಒಂದು ದಿನ ಸಮಯ ತೆಗೆದುಕೊಂಡು, "ಬಿಡಲೇಬೇಕು ಸಾರ್," ಎಂದನಂತೆ.

ಮೊದಲ ಸಲ ನಾನೂ ಜೊತೆಗೆ ಹೋದೆ. ಹೋಬರ್ಟ್ ಬೀಗ ತೆಗೆದ. ನಮ್ಮ ಹಿಂದೆಯೇ ಗುಡ್ಡ ಹತ್ತಿದ. ಮೇಲೆ ಮೂವತ್ತು ನಲವತ್ತು ಸಮಾಧಿಗಳು; ಹಳೆಯವು ಹೆಸರಿಲ್ಲದ ಬರಿಯ ಕಾಡುಕಲ್ಲುಗಳು, ಬೇಲಿಯ ಮೂಲೆಯಲ್ಲಿ. ಹೊಸವು ಈಚೆ. ಡೆಲ್ಫಾಳ ಕಲ್ಲು ಓಕ್ ಮರದ ನೆರಳಿನಲ್ಲಿ, ಎದುರಿಗೇ ಇತ್ತು. ಮಾರ್ವಾ ಅದರ ಕಡೆ ಒಮ್ಮೆ ನೋಡಿದಳು. ಆಮೇಲೆ ತಿರುಗಿ ಬೇಲಿಯ ಮೂಲೆಗೆ ಹೋಗಿ, ಮಂಡಿಯೂರಿ, ಮೊದಲ ಕಾಡುಕಲ್ಲಿನ ಮೇಲಿನ ಪಾಚಿ ಕೆರೆಯತೊಡಗಿದಳು.

ಒಂದು ಗಂಟೆಯಾದರೂ ಆಗಿತ್ತೇನೋ. ಹೋಬರ್ಟ್ ಕೈಕಟ್ಟಿ ನಿಂತವನು ಕೊನೆಗೆ ತಡೆಯಲಾರದೆ ಕೇಳಿದ. "ಅವಳ ಹತ್ರ ಹೋಗಲ್ವಾ ನೀನು?"

"ಅವಳ ಸರದಿ ಬಂದಾಗ ಹೋಗ್ತೀನಿ," ಎಂದಳು ಮಾರ್ವಾ, ತಲೆಯೆತ್ತದೆ. "ಈ ಕಲ್ಲು ಯಾರದು?"

"ಯಾರಿಗ್ಗೊತ್ತು."

"ನಿಮ್ಮಮ್ಮ ಏನೂ ಹೇಳಿರಲಿಲ್ವಾ?"

ಹೋಬರ್ಟ್ ಬೇರೆ ಕಡೆ ನೋಡಿದ. ನಾವು ಹೊರಡುವ ಹೊತ್ತಿಗೆ, ಗೇಟಿಗೆ ಬೀಗ ಹಾಕುತ್ತ, ಯಾರಿಗೋ ಹೇಳುವವನಂತೆ ಅಂದ. "ಆ ಮೂಲೇಲಿರೋದು ಅಜ್ಜನ ತಮ್ಮ. ಗರಗಸದ ಮಿಲ್ಲಲ್ಲಿ ಸತ್ತೋನು. ಅಮ್ಮ ಹೇಳ್ತಿದ್ಲು."

ಕಾರಿನಲ್ಲಿ ಮಾರ್ವಾ ಕೈಯ ಮಣ್ಣನ್ನೂ ಒರೆಸಿಕೊಳ್ಳದೆ ಕೂತಿದ್ದಳು. "ಎದುರಿಗೇ ಇದ್ಲು ವಕೀಲರೇ," ಎಂದಳು. "ಕೂಗಿದ್ರೆ ಕೇಳಿಸೋಷ್ಟು ಹತ್ರ."

"ಹೋಗಬಹುದಿತ್ತಲ್ಲ. ಅವನು ತಡೀತಿರಲಿಲ್ಲ."

"ಹೋಗಿಬಿಟ್ಟಿದ್ರೆ ಮಿಕ್ಕಿದ್ದೆಲ್ಲಾ ನೆಪ ಆಗ್ತಿತ್ತು. ಅವನಿಗೆ ಅದೇ ಬೇಕಾಗಿತ್ತು."

ತಿಂಗಳಿಗೆರಡು ಸಲ ಅವಳ ಸೂಚನೆ ಹೋಗುತ್ತಿತ್ತು. ತಿಂಗಳಿಗೆರಡು ಸಲ ಹೋಬರ್ಟ್ ಬೀಗ ತೆಗೆಯುತ್ತಿದ್ದ. ಸಾಲು ಸಾಲಾಗಿ ಅವಳು ಮುಂದೆ ಬಂದಳು: ಅಜ್ಜಂದಿರು, ಹೆರಿಗೆಯಲ್ಲಿ ಸತ್ತ ಹೆಂಗಸರು, ಹೆಸರಿಡುವ ಮೊದಲೇ ಹೋದ ಕೂಸುಗಳು. ಹೋಬರ್ಟನಿಗೆ ಅಮ್ಮನಿಂದ ಕೇಳಿದ ಕಥೆಗಳು ಬೇಕಾದಷ್ಟಿದ್ದವು, ಕೇಳುವವರು ಯಾರೂ ಇರಲಿಲ್ಲ. ಅವನ ಮಕ್ಕಳು ಕೆಲಸ ಹುಡುಕಿಕೊಂಡು ಒಹಾಯೊಗೆ ಹೋಗಿದ್ದರು. ಮೊದಮೊದಲು ಒಂದೊಂದೇ ಮಾತು, ಆಮೇಲೆ ಮರದ ಬೊಡ್ಡೆಯ ಮೇಲೆ ಕೂತು ಪುರಾಣವನ್ನೇ ಬಿಚ್ಚುತ್ತಿದ್ದ. "ಸಂಶೋಧನೆಗೆ ಅಂತ ಹೇಳ್ತಿದೀನಿ ಅಷ್ಟೆ, ತಿಳ್ಕೊ," ಎಂದು ಮಾತ್ರ ಪ್ರತಿ ಸಲವೂ ಸೇರಿಸುತ್ತಿದ್ದ. ಒಂದು ಚಳಿಯ ಬೆಳಗ್ಗೆ ರೂತ್ ಇಬ್ಬರಿಗೂ ಕಾಫಿ ತಂದುಕೊಟ್ಟು ಹೋದಳು.

ಡೆಲ್ಫಾಳ ಸರದಿ ಬಂದದ್ದು ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ. ಆ ದಿನ ನಡೆದದ್ದನ್ನು ಮಾರ್ವಾ ನನಗೆ ಹೇಳಿದಳು, ಆಮೇಲೊಮ್ಮೆ ಹೋಬರ್ಟನೂ ಹೇಳಿದ. ಇಬ್ಬರೂ ಹೇಳಿದ್ದು ಒಂದೇ ಆಗಿತ್ತು. ನನ್ನ ವೃತ್ತಿಯಲ್ಲಿ ಇದು ಅಪರೂಪ.

ಅವಳು ಸಮಾಧಿಯ ಮುಂದೆ ಕೂತು, ಪೆನ್ಸಿಲ್ ತೆಗೆದು, ಎಲ್ಲರ ಬಗ್ಗೆ ಕೇಳಿದಂತೆಯೇ ಕೇಳಿದಳು. "ಎಲ್ಲಿ ಹುಟ್ಟಿದ್ದು?"

"ಕೆಳಗಿನ ಮನೇಲೇ," ಎಂದ ಹೋಬರ್ಟ್. "ನನಗೆ ಆರು ವರ್ಷ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ. ಸೂಲಗಿತ್ತಿ ತಂದು ನನ್ನ ಕೈಗೇ ಕೊಟ್ಲು."

"ಚಿಕ್ಕೋಳಿದ್ದಾಗ ಹೆಂಗಿದ್ಲು?"

"ಕೋಳಿಗಳ ಪುಕ್ಕ ಕತ್ತರಿಸಿಬಿಡೋಳು. ಅಮ್ಮನ ಕತ್ತರಿ ತಗೊಂಡು. ಒಂದ್ಸಲ ನನ್ನ ತಲೆನೂ ಕತ್ತರಿಸಿದ್ಲು, ಚರ್ಚಿಗೆ ಟೋಪಿ ಹಾಕ್ಕೊಂಡು ಹೋಗಬೇಕಾಯ್ತು." ಅವನು ಸ್ವಲ್ಪ ನಕ್ಕ. ಆಮೇಲೆ ಇಪ್ಪತ್ತನೆಯ ವಯಸ್ಸಿನವರೆಗೂ ಹೇಳಿದ. ಅಲ್ಲಿಗೆ ನಿಂತ.

"ಮುಂದೆ ನನಗೊತ್ತಿಲ್ಲ," ಎಂದ. "ಮುಂದಿನದು ನಿನ್ನ ಹತ್ರ ಇದೆ."

ಮಾರ್ವಾ ಪೆನ್ಸಿಲ್ ಕೆಳಗಿಟ್ಟಳು.

"ಏನು ಬೇಕು, ಕೇಳು."

ಅವನು ಕೇಳಿದ. "ನನ್ನ ಸುದ್ದಿ ಎತ್ತುತ್ತಿದ್ಲಾ?"

"ಫೆಬ್ರವರಿಲಿ ನಿನ್ನ ಹುಟ್ಟಿದಬ್ಬ ಬರತ್ತಲ್ಲ, ಪ್ರತಿ ವರ್ಷ ಒಣಸೇಬಿನ ಪದರದ ಕೇಕ್ ಮಾಡೋಳು. ನಿಮ್ಮಮ್ಮನ ಥರಾನೇ, ತೆಳ್ಳಗೆ ಸುಟ್ಟು, ಒಂದರ ಮೇಲೊಂದು ಇಟ್ಟು. ಎರಡು ದಿನ ಮೇಜಿನ ಮೇಲೆ ಮುಚ್ಚಿಡೋಳು, ಮುಟ್ಟೋಕೆ ಬಿಡ್ತಿರ್ಲಿಲ್ಲ. ಮೂರನೇ ದಿನ ನಾವಿಬ್ರೇ ತಿಂತಿದ್ವಿ."

"ನಾನು ಅಂಗಡಿ ಮುಂದೆ ಎಷ್ಟೋ ಸಲ ಹೋಗಿದೀನಿ," ಎಂದ ಹೋಬರ್ಟ್. "ಟ್ರಕ್ಕಲ್ಲಿ, ನಿಧಾನಕ್ಕೆ. ಗಾಜಿನಾಚೆ ಕಾಣೋಳು."

"ಗೊತ್ತಿತ್ತು ಅವಳಿಗೆ. ನಿನ್ನ ಟ್ರಕ್ಕಿನ ಸದ್ದು ಊರಿಗೇ ಗೊತ್ತು."

"ಮತ್ತೆ ಯಾಕೆ ಆಚೆ ಬರಲಿಲ್ಲ?"

"ನೀನ್ಯಾಕೆ ಇಳೀಲಿಲ್ಲ?"

ಅವನು ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡ. ಅವಳು ಅವನ ಕಡೆ ನೋಡಲಿಲ್ಲ. ಸಮಾಧಿಯ ಮೇಲೆ ಬಿದ್ದಿದ್ದ ಓಕ್ ಎಲೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಎಷ್ಟೋ ದಿನಗಳಿಂದ ಈ ಕೆಲಸಕ್ಕಾಗಿ ಅವಳ ಕೈ ಕಾದಿತ್ತು. ನಿಧಾನವಾಗಿ ಮಾಡಿದಳಂತೆ, ಬೇಗ ಮುಗಿದುಹೋದೀತೆಂದು.

ಆಮೇಲೆ ಗೇಟಿಗೆ ಬೀಗ ಬೀಳಲಿಲ್ಲ. ಮುಂದಿನ ಹೂವಿನ ಭಾನುವಾರ ನನ್ನನ್ನೂ ಊಟಕ್ಕೆ ಕರೆದಿದ್ದರು. ಗುಡ್ಡದ ಮೇಲೆ ಉದ್ದ ಮೇಜುಗಳು, ಹುರಿದ ಕೋಳಿ, ಜೋಳದ ರೊಟ್ಟಿ, ಬೀನ್ಸು. ಒಹಾಯೊದಿಂದ ಬಂದಿದ್ದ ಹೋಬರ್ಟನ ಸೋದರಸಂಬಂಧಿಯೊಬ್ಬಳು ಮಾರ್ವಾಳನ್ನು ತೋರಿಸಿ, "ಇವರ್ಯಾರು, ಗುರುತು ಸಿಗಲಿಲ್ಲ," ಎಂದು ಕೇಳಿದಳು. ಹೋಬರ್ಟ್ ಕೋಳಿಯ ತುಂಡನ್ನು ತಟ್ಟೆಗಿಟ್ಟ.

"ನಮ್ಮ ಡೆಲ್ಫಾಳ ಮನೆಯೋರು," ಎಂದ.

ಸೋದರಸಂಬಂಧಿ ತಲೆಯಾಡಿಸಿ ಬೀನ್ಸಿನ ಪಾತ್ರೆಯನ್ನು ಮಾರ್ವಾಳ ಕಡೆ ಸರಿಸಿದಳು. ಮಾರ್ವಾ ಎರಡು ಸೌಟು ಬಡಿಸಿಕೊಂಡಳು.

ಎಲ್ಲವೂ ಸರಿಹೋಯಿತೆಂದು ಅಂದುಕೊಂಡು ನಾನು ಅಂದು ಮನೆಗೆ ಬಂದೆ. ಹಾಗಾಗಿರಲಿಲ್ಲ. ಆ ಬೇಸಿಗೆ ಮಾರ್ವಾ ಹೋಬರ್ಟನನ್ನು ಒಂದೇ ಒಂದು ವಿಷಯ ಕೇಳಿದಳು: ಡೆಲ್ಫಾಳ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ. ಹೋಬರ್ಟ್ ಒಂದು ವಾರ ಯೋಚಿಸಿದ. ಡೆಲ್ಫಾಳ ಒಂದು ಬದಿಯಲ್ಲಿ ಅಮ್ಮ, ಇನ್ನೊಂದು ಬದಿಯನ್ನು ರೂತ್‌ಗೂ ತನಗೂ ಎಂದು ಮೊದಲೇ ಗುರುತು ಹಾಕಿದ್ದ. ರೂತ್ ಬಿಟ್ಟುಕೊಡುತ್ತೇನೆಂದಳು, ಅವನು ಒಪ್ಪಲಿಲ್ಲ. "ಬಂದು ಹೋಗೋದು ಬೇರೆ, ಮಾರ್ವಾ," ಎಂದನಂತೆ. "ಅದು ಬೇರೆ. ಅಷ್ಟು ದೂರ ಬರೋಕೆ ನನ್ನ ಕೈಲಾಗಲ್ಲ." ಮಾರ್ವಾ ವಾದಿಸಲಿಲ್ಲ. ಊರಿನ ಸ್ಮಶಾನದಲ್ಲಿ, ಗುಡ್ಡ ಕಾಣುವ ಕಡೆ, ತನಗೊಂದು ಜಾಗ ಕೊಂಡಳು.

*

ಎರಡು ವರ್ಷಗಳ ಮೇಲೆ, ಜೂನ್‌ನಲ್ಲಿ, ವಾಷಿಂಗ್ಟನ್ನಿನ ದೊಡ್ಡ ನ್ಯಾಯಾಲಯದ ತೀರ್ಪು ಬಂತು: ಇನ್ನು ಮುಂದೆ ಯಾವ ರಾಜ್ಯವೂ ಇಬ್ಬರು ಹೆಂಗಸರ, ಇಬ್ಬರು ಗಂಡಸರ ಮದುವೆಯನ್ನು ತಡೆಯುವಂತಿಲ್ಲ. ನಾನು ಅದನ್ನು ಅಚ್ಚು ಹಾಕಿಸಿಕೊಂಡು ಸಂಜೆ ಮಾರ್ವಾಳ ಮನೆಗೆ ಹೋದೆ. ಕೆಳಗಿನ ಅಂಗಡಿಯಲ್ಲಿ ಈಗ ಮೊಬೈಲ್ ಫೋನು ಮಾರುತ್ತಾರೆ. ಮೇಲೆ ಅಡುಗೆಮನೆಯಲ್ಲಿ ಅವಳು ಸ್ಟ್ರಾಬೆರಿ ಹಣ್ಣಿನ ತೊಟ್ಟು ಬಿಡಿಸುತ್ತಿದ್ದಳು.

"ಓದಿ," ಎಂದಳು. "ನನ್ನ ಕನ್ನಡಕ ಎಲ್ಲಿದೆಯೋ."

ಕೊನೆಯ ಪುಟಗಳನ್ನು ಓದಿದೆ. ಅವಳು ಕೈ ನಿಲ್ಲಿಸಿ ಕೇಳಿದಳು.

"ಚೆನ್ನಾಗಿ ಬರ್ದಿದಾರೆ," ಎಂದಳು. ಆಮೇಲೆ, "ಸತ್ತೋರ ಜೊತೆ ಆಗತ್ತಾ ವಕೀಲರೇ?"

"ಇಲ್ಲ, ಮಾರ್ವಾ. ಇಬ್ಬರೂ ಬದುಕಿರಬೇಕು."

"ಅದೂ ಸರಿನೇ. ಕೇಳಿ ನೋಡ್ದೆ ಅಷ್ಟೆ." ಮತ್ತೊಂದು ಹಣ್ಣು ಕೈಗೆತ್ತಿಕೊಂಡು ಹಾಗೆಯೇ ಹಿಡಿದಿದ್ದಳು. "ಒಂದ್ಸಲ ಕೇಳಿದ್ದೆ ಅವಳನ್ನ. ಇಂಥದ್ದೇನಾದ್ರೂ ಬಂದ್ರೆ ಆಗ್ತೀಯಾ ಅಂತ. ಮೊದ್ಲು ನೀನು ಗೊರಕೆ ಹೊಡ್ಯೋದು ಬಿಡು, ಆಮೇಲೆ ನೋಡೋಣ ಅಂದ್ಲು."

ಅವಳು ನಗಲು ಹೋದಳು, ಅರ್ಧಕ್ಕೆ ನಿಂತಿತು. ಕೈ ತೊಳೆದು, ತನ್ನನ್ನು ಗುಡ್ಡಕ್ಕೆ ಕರೆದೊಯ್ಯಿರೆಂದು ಕೇಳಿದಳು. ಮಂಡಿನೋವಿನಿಂದ ಈಚೆಗೆ ಕಾರು ಓಡಿಸುವುದನ್ನು ಕಡಿಮೆ ಮಾಡಿದ್ದಳು.

ನಾನು ಹುಲ್ಲುಗಾವಲಿನ ಅಂಚಿನಲ್ಲೇ ಉಳಿದೆ. ಅವಳು ಕೋಲೂರಿಕೊಂಡು ಹತ್ತಿದಳು. ಹೋಬರ್ಟ್ ವರಾಂಡದಿಂದ ಕೈಯೆತ್ತಿದ, ಅವಳೂ ಎತ್ತಿದಳು. ಓಕ್ ಮರದ ಕೆಳಗೆ ಕೂತು ಅವಳು ಮಾತಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಡುನಡುವೆ ನಿಲ್ಲಿಸಿ ಕಾಯುತ್ತಿದ್ದಳು, ಮತ್ತೆ ಶುರು ಮಾಡುತ್ತಿದ್ದಳು. ಬಿಸಿಲು ಗುಡ್ಡದ ಹಿಂದೆ ಇಳಿಯಿತು. ಕರೆಯೋಣವೆಂದುಕೊಂಡೆ, ಕರೆಯಲಿಲ್ಲ. ಕಾರಿನ ಬಾಗಿಲು ತೆರೆದಿಟ್ಟು, ಅವಳು ಮುಗಿಸಿ ಬರಲಿ ಎಂದು ಕೂತೆ.